ಎರಡನೇ ಪಂಕ್ತಿಗೆ ಹೊಸ ಎಲೆ

ನಿಮ್ಮ ಅಮ್ಮನಿಗೆ ವಿಜಯವಾಡದ ಆ ಸಭೆಗೆ ಒಬ್ಬಳೇ ಹೋಗಲು ಧೈರ್ಯವಿರಲಿಲ್ಲ. ನೌಕಾಪಡೆಯಲ್ಲಿದ್ದ ನಿಮ್ಮ ಅಪ್ಪ ಆಗ ಸಮುದ್ರದ ಮೇಲಿದ್ದರು. ನಿಮ್ಮಿಬ್ಬರನ್ನು ಪಕ್ಕದ ಕ್ವಾರ್ಟರ್ಸಿನಲ್ಲಿ ಬಿಟ್ಟು, ವಿಶಾಖಪಟ್ಟಣದಿಂದ ಬೆಳಗಿನ ರೈಲಿಗೆ ನಿಮ್ಮಜ್ಜಿ ನಾನೇ ಜೊತೆಗೆ ಹೊರಟೆ. ನಾಲ್ಕು ಜನರೆದುರು ಬಾಯಿ ಬಿಡದ ನಾನು ಅವಳಿಗೇನು ಧೈರ್ಯ ಹೇಳಲಿ?

ಅದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಕೆಲಸ ಮಾಡುವವರ ಸಭೆ. ಭಾಷೆಯಲ್ಲಿ ಏನು ತಿದ್ದಬೇಕು, ಏನು ಸೇರಿಸಬೇಕು ಎಂದು ಬಳಸುವವರೇ ಕೂತು ವಾದ ಮಾಡುತ್ತಾರಂತೆ.

ಬಂದರಿನಿಂದ ಸರಕು ಹೊರುವ ಲಾರಿಗಳಿಗೆ ಚೀಟಿ ತೆಗೆಯುವ ಪ್ರೋಗ್ರಾಂ ಬರೆದವಳು ನಿಮ್ಮ ಅಮ್ಮ. ಒಂದು ದಿನ, ಹಿಂದಿನ ಲಾರಿಯ ಸರಕೆಲ್ಲ ಮುಂದಿನ ಲಾರಿಯ ಚೀಟಿಯಲ್ಲೂ ಅಚ್ಚಾಗಿ, ಲಾರಿಗಳು ಗೇಟಿನಲ್ಲೇ ನಿಂತವು. ಆಫೀಸಿನವರು ಯಂತ್ರದ ದೋಷ ಅಂದುಕೊಂಡರು. ತಪ್ಪು ತನ್ನದೆಂದು ತಿಳಿದ ಮೇಲೆ ಇವಳು ಸದ್ದಿಲ್ಲದೆ ಸರಿಮಾಡಿದಳು. ನನ್ನೊಬ್ಬಳಿಗೆ ಹೇಳಿದಳು.

"ಸರಕಿನ ಪಟ್ಟಿ ಕೊಡದಿದ್ರೆ ಖಾಲಿ ಪಟ್ಟಿ ತಗೋ ಅಂತ ಬರೆದಿದ್ದೆ ಅಮ್ಮ. ಪ್ರತಿ ಲಾರಿಗೂ ಹೊಸದು ತಗೊಳ್ಳುತ್ತೆ ಅಂದ್ಕೊಂಡೆ. ಅದು ಮೊದಲೇ ಒಂದು ಪಟ್ಟಿ ಮಾಡಿಟ್ಕೊಂಡು ಎಲ್ಲ ಲಾರಿಗೂ ಅದನ್ನೇ ಕೊಡುತ್ತೆ."

"ಮೊದಲನೇ ಪಂಕ್ತಿಯವರು ಉಂಡೆದ್ದ ಎಲೆಗೇ ಎರಡನೇ ಪಂಕ್ತಿಯವರನ್ನ ಕೂರಿಸಿದ ಹಾಗಾಯ್ತಲ್ಲೇ" ಅಂದೆ. ಅವಳು ಬೆಂಡೆಕಾಯಿ ಹೆಚ್ಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

ಪ್ರತಿ ಸಲವೂ ಹೊಸ ಪಟ್ಟಿ ಬರುವಂತೆ ಬರೆಯಲು ಭಾಷೆಯಲ್ಲೇ ಒಂದು ದಾರಿ ಬೇಕು ಎಂಬುದು ಅವಳ ಸಲಹೆ. ಅದನ್ನು ಹೇಳಲಿಕ್ಕೇ ಹೊರಟದ್ದು.

"ನಮ್ಮ ಆಫೀಸಿನ ಸೀನಿಯರ್ರೂ ಅಲ್ಲಿರ್ತಾರೆ" ಎಂದಳು ರೈಲಿನಲ್ಲಿ. "ಸ್ನೇಹಿತೆಯೊಬ್ಬಳಿಗೆ ಹೀಗಾಯ್ತು ಅಂತೀನಿ. ನಾನೇ ಅಂತ ಗೊತ್ತಾದ್ರೆ ಕೆಲಸ ಉಳಿಯುತ್ತೋ ಇಲ್ಲವೋ."

ನನ್ನ ಮನಸ್ಸು ಆಗಲೇ ಸಿಂಹಾಚಲಂ ಸ್ವಾಮಿಗೆ ಹರಕೆ ಕಟ್ಟಿಕೊಂಡಿತ್ತು.

ಆಟೋನಗರದ ಹತ್ತಿರ ಒಂದು ಮಹಡಿಯ ಮೇಲಿನ ಹಾಲ್. ಪುಳಿಯೋಗರೆಯ ಚೀಲ ಮಡಿಲಲ್ಲಿಟ್ಟುಕೊಂಡು ಕೊನೆಯ ಸಾಲಿನಲ್ಲಿ ಕೂತೆ. ಮಾತೆಲ್ಲ ತೆಲುಗು, ನಡುವೆ ಇಂಗ್ಲಿಷ್. ತೆಲುಗು ನನಗೆ ತಿಳಿಯುತ್ತಿತ್ತು. ಇವಳು ಹೇಳಿ ಮುಗಿಸಿದ್ದೇ ತಡ, ಗಡ್ಡದವನೊಬ್ಬ ಎದ್ದ.

"ಮೇಡಂ, ಇದು ಮೊದಲ ತಿಂಗಳಲ್ಲೇ ಕಲಿಯೋ ಪಾಠ. ಕೆಲಸ ಬಲ್ಲವರು ಯಾರು ಈ ತಪ್ಪು ಮಾಡ್ತಾರೆ? ನಿಮ್ಮ ಸ್ನೇಹಿತೆಗೆ ಒಂದು ಪುಸ್ತಕ ಕೊಡಿಸಿ, ಸಾಕು."

ಎಲ್ಲರೂ ನಕ್ಕರು. ಇವಳು ಮೈಕನ್ನು ಬಾಯಿಗೆ ಇನ್ನೂ ಹತ್ತಿರ ತಂದಳು. ಬಾ, ಮನೆಗೆ ಹೋಗೋಣ ಎಂದು ಕರೆಯುವ ಹಾಗಾಯಿತು ನನಗೆ.

"ಸ್ನೇಹಿತೆ ಅಲ್ಲ" ಎಂದಳು. "ನಾನೇ. ಎಂಟು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ಆವತ್ತು ಲಾರಿಗಳು ನಿಂತಿದ್ದು ನನ್ನಿಂದ."

ಆಮೇಲೆ ಎಲೆಯ ಮಾತನ್ನೂ ಹೇಳಿ, "ಇದು ನಮ್ಮಮ್ಮ ಅಂದಿದ್ದು" ಎಂದು ಕೈ ತೋರಿಸಿಬಿಟ್ಟಳು. ಹಾಲಿಗೆ ಹಾಲೇ ನನ್ನ ಕಡೆ ತಿರುಗಿತು. ನಾನು ಚೀಲದ ಗಂಟನ್ನೇ ನೋಡುತ್ತ ಕೂತೆ. ತಿರುಗದೆ ಇದ್ದವರು ಮೂರನೇ ಸಾಲಿನ ಒಬ್ಬರೇ, ಅವಳ ಸೀನಿಯರ್.

ಅಲ್ಲಿಂದ ಮುಂದೆ ವಾದವೆಲ್ಲ ಎಲೆಯ ಮೇಲೇ ನಡೆಯಿತು. "ಬೇಕಂತಲೇ ಹಳೇ ಎಲೆ ಇಟ್ಕೊಂಡಿರೋರೂ ಇದ್ದಾರೆ, ಅವರ ಪ್ರೋಗ್ರಾಂ ಕೆಟ್ಟರೆ?" ಎಂದ ಒಬ್ಬ. "ಹೊಸ ಎಲೆ ಬೇಕಾದವರು ಕೇಳಿ ಹಾಕಿಸ್ಕೊಳ್ಳಲಿ" ಎಂದ ಗಡ್ಡದವನು. ಏನೂ ತೀರ್ಮಾನವಾಗಲಿಲ್ಲ.

ಬಾಗಿಲಲ್ಲಿ ಸೀನಿಯರ್ ನನಗೆ ಕೈಮುಗಿದು, ಇವಳಿಗೆ "ಸೋಮವಾರ ಒಂಬತ್ತಕ್ಕೇ ಬಾಮ್ಮ" ಎಂದಷ್ಟೇ ಹೇಳಿ ಹೋದರು. ವಾಪಸು ರೈಲಿನಲ್ಲಿ ಪುಳಿಯೋಗರೆಯ ಗಂಟು ಬಿಚ್ಚಲಿಲ್ಲ. ಭಾನುವಾರವಿಡೀ ಅವಳು ಕಪಾಟು ಜೋಡಿಸಿದಳು, ನಾನು ಜೋಡಿಸಿದ್ದನ್ನೇ ಮತ್ತೆ ಜೋಡಿಸಿದೆ.

ಸೋಮವಾರ ಸಂಜೆ ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ಆಫೀಸಿನ ಎಲ್ಲ ಪ್ರೋಗ್ರಾಂಗಳಲ್ಲೂ ಇದೇ ತಪ್ಪು ಇದೆಯಾ ಹುಡುಕು ಅಂದ್ರು. ನಾಲ್ಕು ಸಿಕ್ಕವು. ಎರಡು ಅವರೇ ಬರೆದದ್ದು."

"ಏನಂದ್ರು?"

"'ಇದನ್ನ ಮುಂದಿನ ಸಭೆಯಲ್ಲಿ ಹೇಳಬೇಡ' ಅಂದ್ರು. ನನ್ನದು ನಾನು ಹೇಳಿದೆ ಸರ್, ನಿಮ್ಮದು ನೀವೇ ಹೇಳಿ ಅಂದೆ."

ಅವಳು ನಗುತ್ತ ಒಳಗೆ ಹೋದಳು. ಹೀಗೆ ಮೇಲಿನವರಿಗೆ ಎದುರು ಮಾತಾಡಿ ಬಂದಳಲ್ಲ ಎಂದು ನಾನು ಸಿಂಹಾಚಲಂ ಸ್ವಾಮಿಗೆ ಇನ್ನೊಂದು ಹರಕೆ ಕಟ್ಟಿಕೊಂಡೆ.