ಒಂದು ಬೆರಳಿನಷ್ಟು

ಮೊನ್ನೆ ಒಂಬತ್ತನೆಯ ತರಗತಿಗೆ ಬೆಳಕಿನ ಪಾಠ ಮಾಡುತ್ತಿದ್ದೆ. ಕಿಟಕಿಯಿಂದ ಸುಣ್ಣದ ಪುಡಿಯ ಘಾಟು ತೂರಿಬಂತು. ಹೊರಗೆ ತಾಲೂಕು ಕ್ರೀಡಾಕೂಟಕ್ಕಾಗಿ ಮೈದಾನಕ್ಕೆ ಗೆರೆ ಎಳೆಯುತ್ತಿದ್ದರು. ನನ್ನ ವಾಕ್ಯ ಅರ್ಧಕ್ಕೇ ನಿಂತಿತು. ನನ್ನ ಮರೆವಿನ ಮೇಲೆ ಮಕ್ಕಳಿಗೆ ಅಪಾರ ವಿಶ್ವಾಸ. ಪುಸ್ತಕದಲ್ಲಿ ಬೆರಳಿಟ್ಟು ಕಾದರು. ಪಾಪ, ಅಂದು ನನಗೆ ಆದದ್ದು ಮರೆವಿನ ತೊಂದರೆಯಲ್ಲ, ನೆನಪಿನದು.

ಬಸವಕಲ್ಯಾಣಕ್ಕೆ ಬರುವ ಮೊದಲು ನಾನು ಹುಮನಾಬಾದಿನಲ್ಲಿದ್ದೆ. ವಿಜ್ಞಾನದ ಹೊಸ ಮಾಸ್ತರ, ಬಿಸಿ ರಕ್ತ. ಪ್ರತಿ ವರ್ಷದ ಮೊದಲ ಪಾಠಕ್ಕೆ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತಿದ್ದೆ: ‘ನೋಡುವವನಿಗೆ ಸ್ವಂತ ಆಸೆ ಇರಬಾರದು.’ ಬರೆದು, ಕೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಳ್ಳುತ್ತ, ನನಗಂತೂ ಅಂಥ ಆಸೆಗಳೇ ಇಲ್ಲವೆಂಬ ಮುಖಮಾಡಿ ನಿಲ್ಲುತ್ತಿದ್ದೆ. ನೀವು ಆಗ ನನ್ನನ್ನು ನೋಡಿದ್ದರೆ ನಂಬಿಬಿಡುತ್ತಿದ್ದಿರಿ. ನಾನೇ ನಂಬಿದ್ದೆ.

ನಮ್ಮ ಶಾಲೆಯಲ್ಲಿ ಸುನೀತಾ ಎಂಬ ವಿದ್ಯಾರ್ಥಿನಿ ಇದ್ದಳು. ಹುಡಗಿ ಅವಳ ಊರು. ‘ಹುಡಗಿ ಹುಡುಗಿ’ ಎಂದು ಗೆಳತಿಯರು ಕಾಡುತ್ತಿದ್ದರು. ತಾಯಿ ತಂದೆ ಇಬ್ಬರೂ ಹೊಲದ ಕೂಲಿಗೆ ಹೋಗುವವರು. ದಾರಿಯ ಹಳ್ಳ, ಕಾಲುವೆಗಳನ್ನೆಲ್ಲ ಜಿಗಿದೇ ಶಾಲೆಗೆ ಬರುತ್ತಿದ್ದಳೇನೋ, ಉದ್ದ ಜಿಗಿತದಲ್ಲಿ ಅವಳಿಗೆ ಸಮನಾದವರು ಇರಲಿಲ್ಲ. ಹತ್ತನೆಯ ತರಗತಿ, ಶಾಲೆಯ ಪರವಾಗಿ ಜಿಲ್ಲಾ ಕೂಟಕ್ಕೆ ಹೋಗಲು ಅದೇ ಅವಳ ಕೊನೆಯ ವರ್ಷ.

ಆ ವರ್ಷ ತಾಲೂಕು ಕ್ರೀಡಾಕೂಟದ ಉಸ್ತುವಾರಿ ನಮ್ಮ ಆಟದ ಶಿಕ್ಷಕ ಮೈನುದ್ದೀನ್ ಮಾಸ್ತರದು. ಅವರು ನನ್ನ ಕೈಗೆ ಎರಡು ಬಾವುಟ ಕೊಟ್ಟರು. ಜಿಗಿಯುವವರ ಕಾಲು ಗೆರೆ ದಾಟಿದರೆ ಕೆಂಪು, ದಾಟದಿದ್ದರೆ ಬಿಳಿ.

“ಸರ, ನೀವು ಸೈನ್ಸಿನವ್ರು. ನಿಮ್ಮ ಕಣ್ಣಿನ ಮ್ಯಾಲೆ ಯಾರಿಗೂ ಶಕ್ ಬರಂಗಿಲ್ಲ,” ಎಂದರು.

ಆದರೆ ಶಕ್ ಬಂತು. ಸುನೀತಾಳ ಕೊನೆಯ ಸರದಿಗೆ ಮೊದಲು, ಬೇರೆ ಶಾಲೆಯ ಶಿಕ್ಷಕರೊಬ್ಬರು ನನಗೆ ಕೇಳಿಸಲೆಂದೇ ಅಂದರು: “ಹುಡುಗಿನೂ ಅವ್ರ ಸಾಲೀದು, ಬಾವುಟಾನೂ ಅವ್ರ ಕೈಯಾಗ. ಇನ್ನ ನಾವ್ ಯಾಕ ನಿಂತು ನೋಡಬೇಕ್ರಿ?”

ನನ್ನ ಕಿವಿ ಬಿಸಿಯಾಯಿತು. ಸುನೀತಾ ಓಡಿಬಂದಳು. ಜಿಗಿದಳು. ಅಂದಿನ ಎಲ್ಲರಿಗಿಂತ ಒಂದು ಗೇಣು ಆಚೆ ಮರಳಿಗೆ ಬಿದ್ದಳು. ನಮ್ಮ ಮಕ್ಕಳು ಕುಣಿದರು. ಅಷ್ಟರಲ್ಲಿ ನನ್ನ ಕೈ ಮೇಲೆದ್ದಿತ್ತು. ಅದರಲ್ಲಿ ಕೆಂಪು ಬಾವುಟವಿತ್ತು.

ಮೈನುದ್ದೀನ್ ಮಾಸ್ತರ ಓಡಿಬಂದರು. “ಸರ, ಖರೇ ಹೇಳ್ರಿ. ಎಷ್ಟು ದಾಟ್ಯಾದ?”

“ಒಂದು ಬೆರಳು,” ಎಂದೆ. ತಡವರಿಸಲೂ ಇಲ್ಲ.

ಅವರು ಬಗ್ಗಿ ನೋಡಿದರು. ಬೆಳಗಿನಿಂದ ಎಲ್ಲರೂ ತುಳಿದು ಗೆರೆಯ ಅಂಚು ಅಳಿಸಿಹೋಗಿತ್ತು. ಒಂದು ಬೆರಳಲ್ಲ, ಒಂದು ಅಂಗೈ ದಾಟಿದ್ದರೂ ಅಲ್ಲಿ ಗೊತ್ತಾಗುವಂತಿರಲಿಲ್ಲ.

ಸುನೀತಾ ಮರಳು ಕೊಡವಿಕೊಳ್ಳದೆ ನನ್ನೆದುರು ಬಂದು ನಿಂತಳು. “ನನ್ನ ಕಾಲು ದಾಟಿಲ್ರಿ ಸರ್. ನೀವು ನನ್ನ ಕಾಲು ನೋಡ್ಲೇ ಇಲ್ರಿ. ನನ್ನ ಮಾರಿ ನೋಡಾಕತ್ತಿದ್ರಿ.”

“ನಡಿ, ನಡಿ. ಪಂಚರು ಹೇಳಿದ್ದೇ ಕೊನೆ ಮಾತು,” ಎಂದು ಗದರಿಸಿ ಕಳಿಸಿದೆ. ಅವಳು ಮೂರನೆಯವಳಾದಳು. ಜಿಲ್ಲೆಗೆ ಹೋಗುವುದು ಮೊದಲ ಇಬ್ಬರು. ಆಡಿಕೊಂಡಿದ್ದ ಶಿಕ್ಷಕರು ಹೋಗುವಾಗ ನನ್ನ ಕೈ ಕುಲುಕಿ, “ಇನ್ಸಾಫ್ ಅಂದ್ರ ಇದು ನೋಡ್ರಿ,” ಎಂದರು. ಅದರಿಂದ ನನಗೆ ಖುಷಿಯಾಯಿತೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಸಂಜೆ ರೊಟ್ಟಿ ಮುರಿಯುತ್ತ ಆ ಜಿಗಿತವನ್ನು ಮನಸ್ಸಿಗೆ ತಂದುಕೊಂಡೆ. ಅವಳು ಕಚ್ಚಿಹಿಡಿದ ಹಲ್ಲು ಕಂಡಿತು. ಗಾಳಿಗೆ ಎದ್ದ ಜಡೆ ಕಂಡಿತು. ಕಾಲು ಮಾತ್ರ ಎಲ್ಲಿಯೂ ಇರಲಿಲ್ಲ. ಮತ್ತೆ ಮತ್ತೆ ಹುಡುಕಿದೆ. ಹಾಗಾದರೆ ಆ ಒಂದು ಬೆರಳು ಎಲ್ಲಿಂದ ಬಂತು? ನಮ್ಮವಳೆಂದು ಪಕ್ಷಪಾತ ಮಾಡಿದೆ ಎನ್ನಿಸಿಕೊಳ್ಳಬಾರದು ಎಂಬ ನನ್ನ ಆಸೆಯಿಂದ ಬಂತು. ಒಂದು ಆಸೆಗೆ ಹೆದರಿ ಇನ್ನೊಂದರ ಕೈಗೆ ಬಾವುಟ ಕೊಟ್ಟಿದ್ದೆ.

ಬೆಳಗಾಗುತ್ತಲೇ ಮೈನುದ್ದೀನ್ ಮಾಸ್ತರ ಮನೆಗೆ ಹೋದೆ. “ನಾನು ನೋಡಿರಲಿಲ್ಲ,” ಎಂದೆ. ಅವರು ನನ್ನನ್ನು ಕೂಡಿಸಿ ಚಹಾ ತರಿಸಿದರು.

“ಗೆದ್ದವ್ರ ಯಾದಿ ನಿನ್ನೇನೇ ಬೀದರಕ್ಕ ಹೋಗ್ಯಾದ್ರಿ. ಇನ್ನ ಫೈಸಲಾ ಬದಲಾಗಂಗಿಲ್ಲ.”

“ಹಂಗಾರ ನಾ ಏನ್ ಮಾಡ್ಲಿ?”

“ನನಗ ಹೇಳಿದ್ದು ಆ ಹುಡುಗಿಗೆ ಹೇಳ್ರಿ. ಅದು ಇದಕ್ಕಿಂತ ಕಷ್ಟದ ಕೆಲಸ ಅದ.”

ಅಂದೇ ಇಡೀ ತರಗತಿಯೆದುರು ಹೇಳಿದೆ: “ನಿನ್ನೆ ನಾನು ಸುನೀತಾಳ ಕಾಲು ನೋಡಿರಲಿಲ್ಲ. ನೋಡಿದೆ ಅಂತ ಹೇಳಿದೆ. ತಪ್ಪು ನನ್ನದು.” ಸುನೀತಾ ತಲೆಯೆತ್ತದೆ ನೋಟುಪುಸ್ತಕದ ಅಂಚಿಗೆ ಗೆರೆ ಹಾಕುತ್ತ ಕುಳಿತಿದ್ದಳು. ವರ್ಷ ಮುಗಿಯುವವರೆಗೂ ಅವಳು ನನ್ನೊಡನೆ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಕ್ಷಮೆ ಕೇಳಿದೊಡನೆ ಸಿಗುವ ವಸ್ತುವೇನಲ್ಲವಷ್ಟೆ.

ಎಷ್ಟೋ ವರ್ಷಗಳ ಮೇಲೆ, ಹೋದ ಬೇಸಿಗೆಯಲ್ಲಿ, ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬರುವ ಬಸ್ಸಿನಲ್ಲಿ ಪೊಲೀಸ್ ಸಮವಸ್ತ್ರದ ಹೆಂಗಸೊಬ್ಬಳು ಎದ್ದು ಜಾಗ ಕೊಟ್ಟಳು. “ಆರಾಮ ಅದೀರೇನ್ರಿ ಸರ್? ನಾ ಸುನೀತಾ.” ಪೊಲೀಸ್ ಭರ್ತಿಯ ಪರೀಕ್ಷೆಯಲ್ಲಿ ಉದ್ದ ಜಿಗಿತವೂ ಇತ್ತಂತೆ, ಮೊದಲ ಜಿಗಿತದಲ್ಲೇ ಪಾಸಾದಳಂತೆ. ನಕ್ಕಳು. ಆ ನಗು ನನಗೆ ಧೈರ್ಯ ಕೊಟ್ಟಿತು.

“ಒಂದು ಮಾತು ಕೇಳ್ಲೇನವ್ವ? ಅವತ್ತು ನಿನ್ನ ಕಾಲು ಗೆರಿ ದಾಟಿತ್ತೋ, ಇಲ್ಲೋ?”

ಅವಳು ಕಿಟಕಿಯಾಚೆ ನೋಡಿದಳು. “ಆವಾಗ ದಾಟಿಲ್ಲ ಅಂತ ಆಣಿ ಮಾಡ್ತಿದ್ದೆ. ಈಗ ಕೇಳಿದ್ರ, ನನಗೂ ಗೊತ್ತಿಲ್ರಿ ಸರ್. ಜಿಗಿಯೋರು ಕೆಳಗ ನೋಡ್ತಾರೇನ್ರಿ? ಠಾಣೆಗೆ ದಿನಾ ಸಾಕ್ಷಿ ಹೇಳೋರು ಬರ್ತಾರ. ಬೇಕಂತ ಸುಳ್ಳು ಹೇಳೋರು ಕಮ್ಮಿ. ಕಾಣದ್ದು ಕಂಡೀವಿ ಅಂತ ನಂಬಿದವ್ರೇ ಭಾಳ.” ಆಮೇಲೆ ಮೆಲ್ಲಗೆ ಸೇರಿಸಿದಳು: “ನೋಡಿಲ್ಲ ಅಂತ ಬಂದು ಹೇಳಿದವ್ರು ಮಾತ್ರ ನೀವೊಬ್ರೇ.”

ಅವಳ ನಿಲ್ದಾಣ ಬಂದಿತ್ತು. ಇಳಿದುಹೋದಳು.

ಈ ಸಲವೂ ಮುಖ್ಯೋಪಾಧ್ಯಾಯರು ಬಾವುಟ ಹಿಡಿಯಲು ಕೇಳಿದರು. ಇಷ್ಟು ವರ್ಷ ಬೆನ್ನುನೋವಿನ ನೆಪ ಹೇಳಿದ್ದೆ. ಈ ಸಲ ಹೂಂ ಎಂದೆ, ಆದರೆ ಕೆಲವು ಕರಾರು ಹಾಕಿದೆ: ಗೆರೆಯ ಇನ್ನೊಂದು ಬದಿಗೆ ಬೇರೆ ಶಾಲೆಯ ಶಿಕ್ಷಕರು ಕೂಡಬೇಕು, ಗೆರೆಯಾಚೆ ಹಸಿಮಣ್ಣು ಹರಡಿ, ಪ್ರತಿ ಜಿಗಿತಕ್ಕೂ ಸಮಮಾಡಬೇಕು.

ಇಂದು ಬೇರೆ ಶಾಲೆಯ ಶಿಕ್ಷಕರೊಬ್ಬರೂ ನಾನೂ ಬಿಸಿಲಲ್ಲಿ ಮೊಣಕಾಲೂರಿ ಕುಳಿತೆವು. ಹನ್ನೊಂದನೆಯ ಹುಡುಗಿ ಜಿಗಿದಾಗ ಮಣ್ಣಿನ ಮೇಲೆ ಸಣ್ಣದೊಂದು ಗುರುತು ಬಿತ್ತು. ಅದು ಹೆಬ್ಬೆರಳೆಂದರು ಅವರು. ಹಿಮ್ಮಡಿಯಿಂದ ಉದುರಿದ ಹೆಂಟೆಯೆಂದೆ ನಾನು. ಬಗ್ಗಿ ನೋಡಿದೆವು, ಅತ್ತಿಂದಿತ್ತ ಜಾಗ ಬದಲಿಸಿ ನೋಡಿದೆವು. ಸುತ್ತ ಜನ ಕೂಗತೊಡಗಿದರು: “ಕೆಂಪೋ ಬಿಳೀನೋ ಹೇಳ್ರಿ ಲಗೂನ!”

ನಾನು ಎದ್ದು ನಿಂತು, ಎರಡೂ ಬಾವುಟಗಳನ್ನು ಕಂಕುಳಲ್ಲಿಟ್ಟುಕೊಂಡು, ಮೈದಾನದ ಆ ತುದಿಗೂ ಕೇಳುವಂತೆ ಹೇಳಿದೆ:

“ನಮಗ ಬರಾಬರ್ ಕಾಣಲಿಲ್ಲ. ಇನ್ನೊಮ್ಮೆ ಓಡಿ ಬಾರವ್ವ.”

ಕೆಲವರು ನಕ್ಕರು. ಹುಡುಗಿ ನಗಲಿಲ್ಲ. ತಿರುಗಿ ನಡೆದು, ಓಟ ಶುರುಮಾಡುವಲ್ಲಿಗೆ ಹೋಗಿ ನಿಂತಳು. ನಾವು ಮಣ್ಣು ಸಮಮಾಡಿ ಮತ್ತೆ ಮೊಣಕಾಲೂರಿದೆವು.