ಒಗೆಯುವ ಕಲ್ಲಿನ ಇನ್ನೊಂದು ಮಗ್ಗುಲು

ಕಲ್ಲು ಮಗುಚಿದ್ದು ನಾನೇ. ಬೇರೆ ಯಾರ ತಲೆಗೂ ಕಟ್ಟಲಿಕ್ಕೆ ಬರುವುದಿಲ್ಲ. ಹಾರೆ ನನ್ನದು, ಹಿತ್ತಲು ನಮ್ಮದು, ಹುಕಿಯೂ ನನ್ನದೇ. ಮದುವೆಯಾಗಿ ಬಂದ ಲಾಗಾಯ್ತಿನಿಂದ ನನ್ನ ಅವ್ವ ಬಟ್ಟೆ ಒಗೆಯುತ್ತಿದ್ದದ್ದು ಅದೇ ಕಲ್ಲಿನ ಮೇಲೆ. ಮನೆಗೆ ಮಷಿನ್ ಬಂದ ಮೇಲೂ ತನ್ನ ಸೀರೆಯನ್ನು ಅದರೊಳಗೆ ಹಾಕಲು ಬಿಟ್ಟವಳಲ್ಲ. ಎಂಬತ್ತು ದಾಟಿದ ಮೇಲೂ ಬೆಳಿಗ್ಗೆ ಎದ್ದು ಎರಡು ಸೀರೆ ಬಡಿದು ಹಾಕಿದರೇ ಅವಳಿಗೆ ಚಾ ಒಳಗೆ ಇಳಿಯುತ್ತಿದ್ದದ್ದು. ಹಾಗೇ ಬಿಟ್ಟಿದ್ದರೆ ಅವಳ ಪಾಡಿಗೆ ಅವಳು ಇರುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು. ರಿಟೈರಾದ ಡ್ರಾಯಿಂಗ್ ಮಾಸ್ತರನನ್ನು ಜನ ನೆನಪು ಮಾಡಿಕೊಳ್ಳುವುದು ಎರಡೇ ಕೆಲಸಕ್ಕೆ: ಚೌತಿಯಲ್ಲಿ ಗಣಪತಿಗೆ ಕಣ್ಣು ಬರೆಯಲಿಕ್ಕೆ, ಮದುವೆಯಲ್ಲಿ ಹಲಗೆಯ ಮೇಲೆ ವಧೂವರರ ಹೆಸರು ಬರೆಯಲಿಕ್ಕೆ. ಹೀಗೆ ಕೊಳೆಯುತ್ತ ಕೂತವನ ಹತ್ತಿರ ಹೊನ್ನಾವರದ ನಾಲ್ಕಾರು ಉತ್ಸಾಹಿಗಳು ಬಂದು, ಶರಾವತಿಯ ದಂಡೆಗುಂಟ ಒಂದು ನಡೆದಾರಿ ಮಾಡುತ್ತಿದ್ದೇವೆ, ದಾರಿಯಲ್ಲಿ ಸಿಗುವ ಹಳೇ ಕಲ್ಲು, ಗೋಡೆಚಿತ್ರ, ಬಸದಿ ಎಲ್ಲ ಪಟ್ಟಿ ಮಾಡಿಕೊಡಿ ಮಾಸ್ತರೇ ಎಂದರು. ಕುಮಟೆಯವರು ಅಘನಾಶಿನಿ ದಂಡೆಯಲ್ಲಿ ಜನರನ್ನು ನಡೆಸುತ್ತಿದ್ದಾರಂತೆ, ಭಟ್ಕಳದವರು ಬಸದಿ ತೋರಿಸುತ್ತಿದ್ದಾರಂತೆ, ನಾವೇನು ಕಮ್ಮಿ ಎಂಬುದು ಅವರ ಹಠ. ನನಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮೂರು ತಿಂಗಳು ತಿರುಗಿದೆ. ತೆಂಗಿನ ತೋಟಗಳ ಬೇಲಿಯಂಚು, ಉಪ್ಪುನೀರಿನ ಕಾಂಡ್ಲಾ ಗಿಡಗಳ ಮಗ್ಗುಲು, ಗದ್ದೆಯ ಬದುವಿನಲ್ಲಿ ಎದೆಮಟ್ಟ ಹೂತುಹೋದ ವೀರಗಲ್ಲು, ಗುಡ್ಡದ ಮೇಲೆ ಮಾಡು ಬಿದ್ದ ಬಸದಿ. ಎಲ್ಲ ಕಡೆ ಹಳದಿ ಬಣ್ಣದಲ್ಲಿ ಬಾಣದ ಗುರುತು ಬರೆದು ನಂಬರು ಹಾಕಿದೆ. ನಮ್ಮ ಕಡೆ ಹಳೇ ಕಲ್ಲುಗಳ ಪಾಡು ಕೇಳಬೇಡಿ. ಚಪ್ಪಟೆ ಕಲ್ಲು ಕಂಡರೆ ಸಾಕು, ತಂದು ತೋಡು ದಾಟಲಿಕ್ಕೆ ಸಂಕ ಹಾಕುತ್ತೇವೆ, ಬಚ್ಚಲಿಗೆ ಹಾಸುತ್ತೇವೆ. ಚಿತ್ರ ಇದ್ದ ಬದಿ ಕಾಲಿಗೆ ಒತ್ತುತ್ತದೆಂದು ಅದನ್ನು ಕೆಳಗೆ ಮಾಡುತ್ತೇವೆ. ಅಡಿಮೇಲಾಗಿ ಮಲಗಿದ್ದ ಅಂಥ ಐದಾರು ಕಲ್ಲು ಪತ್ತೆ ಮಾಡಿದ ಮೇಲೆ ಒಂದು ದಿನ ನಮ್ಮದೇ ಹಿತ್ತಲ ಕಲ್ಲಿನ ಮೇಲೆ ಕಣ್ಣು ಬಿತ್ತು. ಅದರ ಉದ್ದ, ಅಗಲ, ಮೇಲ್ತುದಿಯ ಕಮಾನು ಎಲ್ಲ ನೋಡಿದರೆ ಬರೀ ಒಗೆಯುವ ಕಲ್ಲಲ್ಲ ಎಂದು ಕುರುಡನಿಗೂ ಗೊತ್ತಾಗಬೇಕಿತ್ತು. ಅಷ್ಟು ವರ್ಷ ನನಗೆ ಗೊತ್ತಾಗಿರಲಿಲ್ಲ, ಆ ಮಾತು ಬೇರೆ.

ಇಬ್ಬರನ್ನು ಕರೆದು ಹಾರೆ ಹಾಕಿ ಮಗುಚಿದೆ. ನೀರು ಹಾಕಿ ತಿಕ್ಕುತ್ತ ಹೋದ ಹಾಗೆ ಚಿತ್ರ ಎದ್ದು ಬಂತು. ಕಂಬದಿಂದ ಹೊರಟು ಮೇಲಕ್ಕೆ ಮಡಿಸಿದ ಒಂದು ಕೈ, ಕೈತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಕೆಳಗೆ ಕೈಮುಗಿದು ನಿಂತ ಗಂಡ ಹೆಂಡತಿ. ಮಾಸ್ತಿಕಲ್ಲು. ಗಂಡನ ಜೊತೆ ಬೆಂಕಿಗೆ ಬಿದ್ದವಳ ಹೆಸರಿನಲ್ಲಿ ನೆಟ್ಟದ್ದು. ನಾನು ಮಂಗನ ಹಾಗೆ ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಅವ್ವ ಬಕೆಟು ಹಿಡಿದು ಬಂದಳು.

"ಎಂತದಾ ಅದು?" ಎಂದಳು. ನಾನು ಪಾಠ ಮಾಡುವ ಗತ್ತಿನಲ್ಲಿ ಎಲ್ಲ ವಿವರಿಸಿದೆ. ಅವಳು ಬಕೆಟು ಕೆಳಗಿಟ್ಟು ಆ ಬಳೆಗಳ ಮೇಲೆ ಬೆರಳಾಡಿಸಿದಳು.

"ಮಾಸ್ತಿ ಅಲ್ದಾ ತಮಾ ಇದು? ಇದ್ರ ಬೆನ್ನಿನ ಮೇಲೆ ನಾ ಇಷ್ಟ್ ವರ್ಷ ಬಟ್ಟೆ ಬಡದ್ನಲ್ಲ."

"ಗೊತ್ತಿಲ್ದೇ ಆದದ್ದು ಅವ್ವಾ, ಬಿಡು."

ಅವಳು ಬಿಡಲಿಲ್ಲ. "ನಮ್ ಕೂಸು ಹೋದದ್ದು ಇದ್ಕೇಯ" ಎಂದಳು.

ಕೂಸು ಎಂದರೆ ನನ್ನ ತಂಗಿ. ಒಂಬತ್ತನೇ ವರ್ಷಕ್ಕೆ ಜ್ವರ ಬಂದು ತೀರಿಹೋದಳು. ಆಗ ನನಗೆ ಹದಿನಾರು. ಅವಳ ಹೆಸರು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಷ್ಟು ವರ್ಷಗಳ ನಂತರ ಅವ್ವ ಎತ್ತಿದ್ದು ಅವತ್ತೇ.

ಅಂದಿನಿಂದ ಅವಳು ಅನ್ನ ಬಿಟ್ಟಳು. ದಿನಕ್ಕೊಂದು ಸಲ ಗಂಜಿ, ಅದೂ ಉಪ್ಪಿಲ್ಲದೆ. ಬೆಳಿಗ್ಗೆ ಮಿಂದು ಕಲ್ಲಿಗೆ ದೀಪ ಇಟ್ಟು, ಅಲ್ಲೇ ತೆಂಗಿನ ಬುಡದಲ್ಲಿ ಮಧ್ಯಾಹ್ನದವರೆಗೆ ಕೂರುತ್ತಿದ್ದಳು. ಎರಡು ತಿಂಗಳಿಗೆ ಬಳೆ ಮೊಣಕೈಗೆ ಜಾರುವಷ್ಟು ಸೊರಗಿದಳು. ಡಾಕ್ಟರು ಬಂದು ನೋಡಿ, ರೋಗ ಏನೂ ಇಲ್ಲ, ಉಣ್ಣದಿದ್ದರೆ ಮಾತ್ರ ಮಳೆಗಾಲ ದಾಟುವುದು ಕಷ್ಟ ಎಂದರು. ನನ್ನ ಹೆಂಡತಿಗೆ ಸಿಟ್ಟು ತಡೆಯಲಾಗಲಿಲ್ಲ. "ನಿಮ್ಗೆ ಬೇರೆ ಕೆಲ್ಸ ಇರ್ಲಿಲ್ವಾ? ಕಲ್ಲು ಅದ್ರ ಪಾಡಿಗೆ ಅದು ಇತ್ತಪ್ಪ" ಎಂದಳು. ಕಲ್ಲನ್ನು ಮತ್ತೆ ಮಗುಚಿ ಇಡಲಾ ಎಂದು ಅವ್ವನನ್ನೇ ಕೇಳಿದೆ. ನೋಡಿದ್ದು ನೋಡಿ ಆತು ಎಂದಳು.

ಭಟ್ಟರನ್ನು ಕರೆಸಿ ಶಾಂತಿ ಮಾಡಿಸಿದೆ. ಇನ್ನು ದೋಷ ಇಲ್ಲ ಅಮ್ಮಾ ಎಂದು ಅವರೂ ಬಾಯಿಬಿಟ್ಟು ಹೇಳಿದರು. ಅವ್ವ ಹೂಂ ಎಂದು ದಕ್ಷಿಣೆ ಕೊಟ್ಟು ಮತ್ತೆ ತೆಂಗಿನ ಬುಡಕ್ಕೇ ಹೋಗಿ ಕೂತಳು. ಇತಿಹಾಸದ ಲೆಕ್ಚರರೊಬ್ಬರು ಬಂದು, ಈ ಕಲ್ಲು ಹೀಗೆ ಬಿದ್ದು ನೂರಾರು ವರ್ಷ ಆಗಿರಬಹುದು, ನಿಮ್ಮ ಅತ್ತೆ, ಅವರತ್ತೆ ಎಲ್ಲರೂ ಇದರ ಮೇಲೇ ಒಗೆದಿರಬೇಕು ಎಂದರು. ಅದಕ್ಕೂ ಹೂಂ.

ನಡೆಯುವವರು ಬರತೊಡಗಿದ ಮೇಲೆ ಸಂಗತಿ ಇನ್ನೂ ಕೆಟ್ಟಿತು. ನಮ್ಮ ಹಿತ್ತಲು ದಾರಿಯ ಐದನೇ ನಂಬರು. ಭಾನುವಾರ ಬೆಳಿಗ್ಗೆ ಟೋಪಿ ಹಾಕಿ ನೀರಿನ ಬಾಟ್ಲಿ ನೇತುಹಾಕಿಕೊಂಡು ಹದಿನೈದಿಪ್ಪತ್ತು ಮಂದಿ ಬರುತ್ತಿದ್ದರು. ಅವ್ವ ಅವರನ್ನು ಹತ್ತಿರ ಕರೆದು, ಈ ತಾಯಿಯ ಬೆನ್ನಿಗೆ ಬಡಿದು ಬಡಿದು ನನ್ನ ಮಗಳನ್ನು ನಾನೇ ಕಳೆದುಕೊಂಡೆ ಎಂದು ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದಳು. ಅವರು ಮೊಬೈಲು ಹಿಡಿದು ವಿಡಿಯೋ ಮಾಡಿಕೊಳ್ಳುತ್ತಿದ್ದರು. ಒಬ್ಬಾಕೆ, "ಅಜ್ಜಿ, ಇನ್ನೊಂದ್ಸಲ ಹೇಳ್ತೀರಾ, ಸೌಂಡ್ ಬಂದಿಲ್ಲ" ಎಂದಳು. ಅವ್ವ ಇನ್ನೊಮ್ಮೆ ಹೇಳಿದಳು. ನನಗೆ ಆ ಮೊಬೈಲು ಕಸಿದು ಹೊಳೆಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ದಾರಿ ತೋರಿಸಿ ಅವರನ್ನು ಕರೆತಂದವನೇ ನಾನು, ನನ್ನ ಸಿಟ್ಟಿಗೆ ಯಾವ ಮರ್ಯಾದೆ?

ಈಗ ಮೂರನೇ ನಂಬರಿನ ವಿಷಯ ಹೇಳಬೇಕು. ಇಷ್ಟು ಹೊತ್ತು ಅದನ್ನು ದಾಟಿಕೊಂಡೇ ಬಂದೆ.

ಮೂರನೇ ನಂಬರು, ಹೊಳೆ ದಾಟುವ ದೋಣಿ ನಿಲ್ಲುತ್ತಿದ್ದ ಹಳೇ ತಾರಿಕಟ್ಟೆಯ ಪಕ್ಕದ ಸಣ್ಣ ದೇವಸ್ಥಾನ. ಅದರ ಹೊರಗೋಡೆಯ ಮೇಲೆ ಕಾವಿ ಚಿತ್ರ ಇದೆ. ಚಿಪ್ಪಿ ಸುಟ್ಟ ಸುಣ್ಣದ ಗಾರೆ ಬಳಿದು, ಮೇಲೆ ಸುಣ್ಣ ಕೂಡಿಸಿದ ಕೆಮ್ಮಣ್ಣು ಬಳಿದು, ಅದು ಹಸಿ ಇರುವಾಗಲೇ ಕಬ್ಬಿಣದ ಮೊನೆಯಿಂದ ಕೆರೆಯುತ್ತಾರೆ. ಕೆಂಪು ಎದ್ದ ಕಡೆ ಬಿಳಿ ಕಾಣುತ್ತದೆ. ಬಳ್ಳಿ, ಹೂವು, ನವಿಲು, ಆನೆ. ನಾನು ಅದರ ಮುಂದೆ ನಿಂತು ಹತ್ತು ನಿಮಿಷ ಚೆನ್ನಾಗಿ ಮಾತಾಡುತ್ತೇನೆ. ಜನ ಚಪ್ಪಾಳೆ ಹೊಡೆಯುತ್ತಾರೆ.

ತಂಗಿಗೆ ಜ್ವರ ಏರಿದ ದಿನ ಅಪ್ಪ ಬೋಟಿನ ಕೆಲಸಕ್ಕೆ ಹೋಗಿ ವಾರವಾಗಿತ್ತು. ಆಗ ನಮ್ಮ ದಂಡೆಗೆ ರಸ್ತೆ ಇರಲಿಲ್ಲ, ಡಾಕ್ಟರು ಬೇಕೆಂದರೆ ತಾರಿ ದೋಣಿಯಲ್ಲಿ ಹೊಳೆ ದಾಟಬೇಕು. ಮಧ್ಯಾಹ್ನ ಅವ್ವ ನನ್ನನ್ನು ಓಡಿಸಿದಳು. ತಾರಿಕಟ್ಟೆಗೆ ಬಂದಾಗ ದೋಣಿ ಆಚೆ ದಡದಲ್ಲಿತ್ತು. ಬರುವ ತನಕ ಎಂದು ದೇವಸ್ಥಾನದ ಹತ್ತಿರ ಹೋದೆ. ಉದುರಿದ ಗೋಡೆಯನ್ನು ಒಬ್ಬ ಮುದುಕ ಸರಿಮಾಡುತ್ತಿದ್ದ. ಕೆಂಪಿನೊಳಗಿಂದ ಬಿಳಿ ಹೂವು ಒಂದೊಂದೇ ಎಸಳಾಗಿ ಬರುತ್ತಿತ್ತು. ನಾನು ಅಂಥದ್ದನ್ನು ಯಾವತ್ತೂ ಕಂಡಿರಲಿಲ್ಲ. ದೋಣಿ ಬಂತು, ಹೋಯಿತು. ನಾನು ನೋಡಿದೆ, ಇನ್ನೊಂದು ಸಲಕ್ಕೆ ಹೋದರಾಯಿತು ಅಂದುಕೊಂಡೆ. ಮುದುಕ ಮೊನೆ ಕೈಗೆ ಕೊಟ್ಟು, ಬೇಕಾರೆ ಒಂದೆಸಳು ನೀನು ಮಾಡು ಎಂದ. ಮಾಡಿದೆ. ಎರಡನೇ ಸಲವೂ ದೋಣಿ ಹೋಯಿತು. ಮತ್ತೆ ಬರಲಿಲ್ಲ, ಅವತ್ತಿನದು ಅಷ್ಟೇ.

ಮನೆಗೆ ಬಂದು, ಹೊಳೆಯಲ್ಲಿ ನೀರು ಜಾಸ್ತಿ, ತಾರಿ ಬಿಡಲಿಲ್ಲ ಎಂದೆ. ಬೆಳಿಗ್ಗೆ ಮೊದಲ ದೋಣಿಗೆ ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದೆ. ಅಂಗಳದಲ್ಲಿ ಆಗಲೇ ಜನ ಕೂಡಿದ್ದರು. ಡಾಕ್ಟರು ನಿನ್ನೆ ಬಂದಿದ್ದರೂ ಅವಳು ಉಳಿಯುತ್ತಿದ್ದಳೋ ಇಲ್ಲವೋ, ಯಾರು ಹೇಳುತ್ತಾರೆ? ಇದೇ ಪ್ರಶ್ನೆ ಹಿಡಿದುಕೊಂಡು ನಾನು ನೌಕರಿ ಮಾಡಿದೆ, ಮದುವೆಯಾದೆ, ಮಕ್ಕಳನ್ನು ಓದಿಸಿದೆ. ಆ ಗೋಡೆಯ ಮುಂದೆ ನಿಂತಾಗ ಎಲ್ಲ ಹೂವು ತೋರಿಸುತ್ತೇನೆ, ನಾನು ಕೆರೆದ ಸೊಟ್ಟ ಎಸಳೊಂದನ್ನು ತೋರಿಸುವುದಿಲ್ಲ.

ಹೀಗಿರುವಾಗ ಅವ್ವ ಕಲ್ಲಿನ ಮುಂದೆ ಕೂತು ತನ್ನ ತಪ್ಪು ಎಂದು ಉಪವಾಸ ಸಾಯುತ್ತಿದ್ದಳು. ನಿಜ ಹೇಳಿದರೆ ಅವಳು ಉಂಡಾಳು. ಆದರೆ ಈ ವಯಸ್ಸಿನಲ್ಲಿ, ಮೊಮ್ಮಕ್ಕಳಾದ ಮೇಲೆ, ಅವ್ವನ ಕಣ್ಣಿನಲ್ಲಿ ನಾನು ಯಾರಾಗುತ್ತೇನೆ? ನಾಚಿಕೆಬಿಟ್ಟು ಹೇಳುತ್ತೇನೆ, ಆ ಹೆದರಿಕೆಯಲ್ಲೇ ಇನ್ನೂ ಒಂದು ತಿಂಗಳು ಅವಳನ್ನು ಸೊರಗಲು ಬಿಟ್ಟೆ.

ಮೃಗಶಿರೆ ಮಳೆ ಹಿಡಿಯುವ ಮೊದಲು ದಾರಿಯ ಕೊನೆಯ ಭಾನುವಾರ. ಬಂದವರೆಲ್ಲ ವಿಡಿಯೋ ಮಾಡಿಕೊಂಡು ಬಸದಿಯ ಕಡೆ ಹೋದರು. ನಾನು ಅವರ ಜೊತೆ ಹೋಗಲಿಲ್ಲ. ಹೇಳಿ ಹೇಳಿ ದಣಿದ ಅವ್ವ ತೆಂಗಿನ ಮರಕ್ಕೆ ಒರಗಿದ್ದಳು. ನಾನು ಅವಳೆದುರು ಕುಕ್ಕರುಗಾಲಲ್ಲಿ ಕೂತೆ.

"ಅವ್ವಾ, ಕಲ್ಲಿಂದ ಎಂತದೂ ಆಗ್ಲಿಲ್ಲ. ಆವತ್ತು ತಾರಿ ಇತ್ತು. ನಾನೇ ಹೋಗ್ಲಿಲ್ಲ. ದೇವಸ್ಥಾನದ ಗೋಡೆ ನೋಡ್ತಾ ನಿಂತಿದ್ದೆ."

ಅವಳು ಅಳುತ್ತಾಳೆ, ಬೈಯುತ್ತಾಳೆ, ಹೊಡೆದರೂ ಹೊಡೆದಾಳು ಎಂದು ಕಾದೆ. ಅವಳು ಬತ್ತಿಯ ಎಣ್ಣೆ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಗೊತ್ತಿತ್ತು" ಎಂದಳು.

"ಎಂತ ಗೊತ್ತಿತ್ತು?" ಎಂದೆ.

"ಸೂತಕದ ಬಟ್ಟೆ ಒಗೂಕೆ ತಂದಾಗ ನಿನ್ ಅಂಗಿ ತೋಳಿಗೆ ಸುಣ್ಣ ಕೂಡಿದ ಕೆಂಪಿತ್ತು. ಬರೀ ಮಣ್ಣಾದ್ರೆ ಹೋಗ್ತಿತ್ತು. ಎಷ್ಟ್ ಬಡದ್ರೂ ಹೋಗ್ಲಿಲ್ಲ. ಆಗೇ ಗೊತ್ತಾತು, ನೀ ಎಲ್ಲಿ ನಿಂತಿದ್ದೆ ಅಂತ."

"ಮತ್ತೆ ಇಷ್ಟ್ ವರ್ಷ ಎಂತಕ್ಕೆ ಹೇಳ್ಲಿಲ್ಲ? ಈಗ ಎಂತಕ್ಕೆ ಕಲ್ಲಿನ ಮೇಲೆ ಹಾಕ್ದೆ?"

"ಮತ್ತ್ಯಾರ ಮೇಲೆ ಹಾಕ್ಲಿ? ನಿನ್ ಮೇಲೆ ಹಾಕಿ ನಾ ಯಾರ ಮನೇಲಿ ಉಣ್ಣೂದು?" ಎಂದಳು. ಧ್ವನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ಈ ಕಲ್ಲು ಎದ್ದದ್ದು ನಂಗೆ ಚಲೋ ಆಗಿತ್ತು. ಹೇಳ್ಕಂಡು ಅಳೂಕೆ ಒಂದು ಜಾಗ ಆಗಿತ್ತು. ಅದನ್ನೂ ಇಟ್ಕಳೂಕೆ ಬಿಡ್ಲಿಲ್ಲ ನೀನು."

ನಾನು ಕಾಲು ಹಿಡಿಯಲು ಹೋದೆ. ಕಾಲು ಎಳೆದುಕೊಂಡಳು. ಎದ್ದು, ದೀಪದ ಹಣತೆಯನ್ನು ಬಾವಿಕಟ್ಟೆಯ ಮೇಲೆ ಕವುಚಿ ಹಾಕಿ ಒಳಗೆ ಹೋದಳು. ಅಂದು ಮಧ್ಯಾಹ್ನವೇ ನನ್ನ ಹೆಂಡತಿಯ ಹತ್ತಿರ ಅನ್ನ ಕೇಳಿದಳಂತೆ.

ಮಳೆಗಾಲ ದಾಟಿದೆ. ಅವ್ವ ಎರಡು ಹೊತ್ತೂ ಉಣ್ಣುತ್ತಾಳೆ, ಮೈಯಲ್ಲಿ ಸ್ವಲ್ಪ ರಕ್ತ ತುಂಬಿದೆ, ಡಾಕ್ಟರಿಗೂ ಸಮಾಧಾನ. ಅಂತೂ ನೀವು ಏನೋ ಹೇಳಿ ಒಪ್ಪಿಸಿದಿರಿ ಎಂದು ಹೆಂಡತಿ ಬಂದವರ ಎದುರೆಲ್ಲ ನನ್ನನ್ನು ಹೊಗಳುತ್ತಾಳೆ. ಏನು ಹೇಳಿದೆ ಎಂದು ಅವಳು ಕೇಳಿಲ್ಲ, ನಾನೂ ಹೇಳಿಲ್ಲ. ನಾನು ಊಟಕ್ಕೆ ಬಂದು ಕೂತರೆ ಅವ್ವ ತನ್ನ ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗಿ ಉಣ್ಣುತ್ತಾಳೆ.