ಓರೆ ಬೈತಲೆಯ ಅಕ್ಕ

ಮೊನ್ನೆ ಟ್ರಂಕಿನ ತಳದಲ್ಲಿ, ಹಳೆಯ ಸೀರೆಯೊಂದರ ಮಡಿಕೆಯೊಳಗೆ, ಕೊಂಬಿನ ಹಣಿಗೆ ಸಿಕ್ಕಿತು. ಎರಡು ಹಲ್ಲು ಮುರಿದಿದ್ದವು. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷವಾದ ಮೇಲೂ ಮರುಗದ ಎಣ್ಣೆಯ ವಾಸನೆ ಒಂಚೂರು ಉಳಿದಿತ್ತು, ಅಥವಾ ಉಳಿದಿದೆ ಎಂದು ನನಗನ್ನಿಸಿತು... ನಮ್ಮ ಎದುರುಮನೆಯ ಅಕ್ಕ ತಲೆಗೆ ಹಚ್ಚುತ್ತಿದ್ದ ಎಣ್ಣೆ ಅದು.

ಮುಚ್ಚುಮರೆ ಏಕೆ, ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಆಗ ನನಗೆ ಹದಿನಾರು, ಮದುವೆಯಾಗಿ ಕಂಪ್ಲಿಯಿಂದ ಹೊಸಪೇಟೆಗೆ ಬಂದ ಹೊಸತು. ಊರ ಹೊರಗೆ ಟಾಕಿಯ ಡೇರೆ ಹಾಕಿದ್ದರು. ನನಗೆ ಸಿನಿಮಾ ಹುಚ್ಚು ತವರಿನಿಂದಲೇ ಅಂಟಿತ್ತು. ಆದರೆ ನಮ್ಮತ್ತೆಯ ಮಡಿಯ ಮನೆಯಲ್ಲಿ ಡೇರೆಯ ಮಾತೆತ್ತುವಂತಿರಲಿಲ್ಲ. ಗಾಳಿ ನಮ್ಮ ಕಡೆ ಬೀಸಿದರೆ ಒಂದೆರಡು ಸಾಲು ಹಾಡು ಕೇಳುತ್ತಿತ್ತು, ಅಷ್ಟೇ. ಅಕ್ಕನ ಗಂಡ ಸ್ಟೇಷನ್ನಿನಲ್ಲಿ ಸಂಡೂರಿನ ಗುಡ್ಡದಿಂದ ಬಂದ ಅದಿರನ್ನು ವ್ಯಾಗನ್ನಿಗೆ ತುಂಬಿಸುವ ಮೇಸ್ತ್ರಿ. ಚಿತ್ರ ಬದಲಾದಾಗಲೆಲ್ಲ ಹೆಂಡತಿಯನ್ನು ತಾನೇ ಡೇರೆಯವರೆಗೆ ಬಿಟ್ಟು ಬರುತ್ತಿದ್ದ.

ಮರುದಿನ ಬೆಳಿಗ್ಗೆ ಬಸವಣ್ಣ ಕಾಲುವೆಯ ಮೆಟ್ಟಿಲ ಮೇಲೆ ಅಕ್ಕನ ಆಟ ಶುರುವಾಗುತ್ತಿತ್ತು. ನಾಯಕಿಯೂ ಅವಳೇ, ನಾಯಕಿಯ ಗಯ್ಯಾಳಿ ಅತ್ತೆಯೂ ಅವಳೇ, ಕುದುರೆಯೂ ಅವಳೇ. ಬಟ್ಟೆ ಒಗೆಯುತ್ತ ಕೇಳುತ್ತಿದ್ದ ಹೆಂಗಸರ ಕೈ ನಿಂತುಬಿಡುತ್ತಿತ್ತು. ಒಂದು ಸಲ ನನ್ನ ಗಂಡನ ಅಂಗಿಯೇ ನೀರಿನಲ್ಲಿ ತೇಲಿಕೊಂಡು ಹೋಯಿತು, ನಾನು ನೋಡಲೇ ಇಲ್ಲ. ಮನೆಗೆ ಬಂದು ಬೈಸಿಕೊಂಡದ್ದಕ್ಕಿಂತ, ಅವಳ ಮಾತಿಗೆ ನಾನೂ ಬಾಯಿ ಬಿಟ್ಟುಕೊಂಡು ಕೂತಿದ್ದೆನಲ್ಲ ಎಂಬುದೇ ಹೆಚ್ಚು ಉರಿಯಿತು.

ಒಂದು ತೆಲುಗು ಚಿತ್ರ ನೋಡಿ ಬಂದ ಮೇಲೆ ಅಕ್ಕ ಬುಗ್ಗೆ ತೋಳಿನ ಕುಬಸ ಹೊಲಿದುಕೊಂಡಳು. ನಾಯಕಿಯಂತೆ ಬಲಗಡೆಗೆ ಓರೆ ಬೈತಲೆ ತೆಗೆದು, ಬಲಗಿವಿಯ ಮೇಲೆ ಗುಲಾಬಿ ಸಿಕ್ಕಿಸಿಕೊಂಡಳು. ಮುತ್ತೈದೆಯರಿಗೆ ನಡು ಬೈತಲೆಯೇ ಸರಿ ಎಂದು ಮುದುಕಿಯರು ಗೊಣಗಿದರು, ಯಾರೂ ಕೇಳಲಿಲ್ಲ. ತಿಂಗಳೊಳಗೆ ಓಣಿಯ ಅರ್ಧ ಹೆಂಗಸರ ಬೈತಲೆ ಬಲಕ್ಕೆ ವಾಲಿತು. ನಾನು ಮಾತ್ರ ಹಟಕ್ಕೆ ಬಿದ್ದು ನಡುವೆಯೇ ತೆಗೆಯುತ್ತಿದ್ದೆ. ಒಂದು ದಿನ ನನ್ನ ಗಂಡ ಊಟಕ್ಕೆ ಕೂತವರು ತಲೆ ಎತ್ತದೆ ಹೇಳಿದರು: "ನೀನೂ ಎದುರುಮನಿಯಾಕಿ ಹಂಗ ಬಾಚ್ಕೋಬಾರದ?"

ಆ ಮಾತನ್ನು ನಾನು ಮರೆಯಲಿಲ್ಲ.

ಸ್ವಲ್ಪ ದಿನಕ್ಕೆ ಬಳ್ಳಾರಿಯಿಂದ ನಾದಿನಿ ಬಂದಳು. ಅವಳು ಹಟ ಹಿಡಿದರೆ ಅತ್ತೆಯೂ ಬ್ಯಾಡ ಅನ್ನುತ್ತಿರಲಿಲ್ಲ. ಅವಳ ಜೊತೆ ಸಂಜೆಯ ಆಟಕ್ಕೆ ಹೋಗಿ ಕುರ್ಚಿಯ ಮೇಲೆ ಕೂತೆ. ಅದೇ ತೆಲುಗು ಚಿತ್ರವನ್ನು ಮತ್ತೆ ಹಾಕಿದ್ದರು. ನಾಯಕಿ ಬಂದಳು. ಅವಳ ಬೈತಲೆ ಎಡಗಡೆಗಿತ್ತು. ಗುಲಾಬಿಯೂ ಎಡಗಿವಿಯ ಮೇಲೆ. ನನ್ನ ಕಣ್ಣೇ ತಪ್ಪಿತೇನೋ ಅಂದುಕೊಂಡೆ. ಮಧ್ಯದ ಬಿಡುವಿನಲ್ಲಿ ಗುಟ್ಟು ತಿಳಿಯಿತು. ಪರದೆಗೆ ನೀರು ಹೊಡೆದು ನೆನೆಸಿರುತ್ತಿದ್ದರು, ಚಿತ್ರ ಆ ಕಡೆಗೂ ಮೂಡಲಿ ಎಂದು. ಕಡಿಮೆ ಟಿಕೇಟಿನ ಹೆಂಗಸರು ಪರದೆಯ ಹಿಂದೆ ಚಾಪೆಯ ಮೇಲೆ ಕೂತು ನೋಡುತ್ತಿದ್ದರು. ಅವರ ನಡುವಿನಿಂದ ಅಕ್ಕ ಎದ್ದು ಬಂದಳು, ಎರಡನೇ ಸಲ ನೋಡಲು ಬಂದಿದ್ದಳು. ನನ್ನನ್ನು ಕಂಡು ಖುಷಿಯಿಂದ ಕೈ ಬೀಸಿದಳು. ಉಳಿದರ್ಧ ಚಿತ್ರ ನೋಡುತ್ತಿದ್ದರೂ ಮನಸ್ಸು ಬೇರೆಡೆಗಿತ್ತು. ನಾಳೆ ಕಾಲುವೆಯಲ್ಲಿ ಏನು ಹೇಳಬೇಕು ಎಂದು ಮಾತು ಜೋಡಿಸುತ್ತ ಕೂತಿದ್ದೆ.

ಎಲ್ಲರೂ ಸೇರುವ ತನಕ ಕಾದು ಹೇಳಿದೆ: "ಅಕ್ಕಾ, ನಿಮ್ಮ ಬೈತಲಿ ಉಲ್ಟಾ ಐತ್ರಿ. ಆಕೀದು ಎಡಕ್ಕೈತಿ. ಪರದಿ ಹಿಂದ ಕುಂತ್ರ ಎಲ್ಲಾ ಉಲ್ಟಾನ ಕಾಣ್ತೈತಿ."

ಹೆಂಗಸರು ಮೊದಲು ತಮ್ಮ ತಮ್ಮ ತಲೆ ಮುಟ್ಟಿಕೊಂಡರು. ಆಮೇಲೆ ನಕ್ಕರು. ಒಬ್ಬಳು ನೀರು ಚಿಮುಕಿಸಿ ಅಕ್ಕನ ಬೈತಲೆಯನ್ನು ಕೈಯಿಂದ ಕೆಡಿಸಿದಳು. ಅಂದಿನಿಂದ ಅವಳಿಗೆ ಉಲ್ಟಾ ಅಕ್ಕ ಎಂದೇ ಹೆಸರಾಯಿತು. ಅವಳು ಮತ್ತೆ ನಡು ಬೈತಲೆ ತೆಗೆದಳು, ಕತೆ ಹೇಳುವುದನ್ನು ಬಿಟ್ಟಳು. ಅವಳು ಕೂರುತ್ತಿದ್ದ ಮೆಟ್ಟಿಲ ಮೇಲೆ ನಾನು ಕೂತು ಅದೇ ಚಿತ್ರದ ಕತೆ ಹೇಳಿದೆ. ನೋಡಿದ್ದನ್ನು ಒಂದೂ ತಪ್ಪಿಲ್ಲದೆ ಹೇಳಿದೆ. ಅವತ್ತು ಎಲ್ಲರ ಬಟ್ಟೆಯೂ ಬೇಗ ಒಗೆದು ಮುಗಿಯಿತು...

ಮಳೆಗಾಲಕ್ಕೆ ಮೊದಲೇ ಅವಳ ಗಂಡನಿಗೆ ಸಂಡೂರಿನ ಗಣಿಯಲ್ಲೇ ಕೆಲಸವಾಯಿತು. ಆಗ ಸಂಡೂರೆಂದರೆ ಬೇರೆಯೇ ರಾಜರ ಸಂಸ್ಥಾನ, ಹೋದವರು ಹೋದಂತೆಯೇ. ಹೊರಡುವ ದಿನ ಅಕ್ಕ ನಮ್ಮ ಬಾಗಿಲಿಗೆ ಬಂದು ಈ ಹಣಿಗೆ ಕೊಟ್ಟಳು.

"ಹಿಂದ ಕುಂತ್ರ ಅಕ್ಷರಾನೂ ಉಲ್ಟಾ ಕಾಣ್ತಿರ್ತಾವಂತ, ಹೌದೇನವ್ವಾ? ನನಗ ಓದಾಕ ಬರಾಂಗಿಲ್ಲ. ಬಂದಿದ್ರ ಅವತ್ತೇ ತಿಳೀತಿತ್ತು. ನೀ ಸರಿಯಾಗಿ ನೋಡಿ ಬಂದಾಕಿ, ನೀನ ಬಾಚ್ಕೋ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಅವಳು ಕುರ್ಚಿಯಲ್ಲಿ ಕೂತವಳಂತೆ ನಮ್ಮ ಮುಂದೆ ಸೋಗು ಹಾಕುತ್ತಿದ್ದಾಳೆ ಎಂದೇ ನಾನು ನಂಬಿದ್ದೆ. ಪಾಪ, ಹಿಂದಿನಿಂದ ಚಿತ್ರ ಉಲ್ಟಾ ಕಾಣುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹಣಿಗೆ ತೆಗೆದುಕೊಂಡು ಒಳಗೆ ಹೋದೆ. ಎಷ್ಟೋ ವರ್ಷಗಳ ಮೇಲೆ ಸಂಡೂರು ಸೀಮೆಯ ಬಂಡ್ರಿಯ ಕಡೆಯವರೊಬ್ಬರು ಸಿಕ್ಕಾಗ ವಿಚಾರಿಸಿದೆ. ಅಕ್ಕ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು.

ಆ ಹಣಿಗೆಯನ್ನು ನಾನು ಒಂದು ದಿನವೂ ತಲೆಗೆ ತಾಗಿಸಿರಲಿಲ್ಲ. ಮೊನ್ನೆ ಯಾರೂ ಇಲ್ಲದಾಗ ಕನ್ನಡಿಯ ಮುಂದೆ ಕೂತು, ಉಳಿದಿರುವ ನಾಲ್ಕು ಬಿಳಿ ಕೂದಲಿಗೆ ಎಡಗಡೆ ಓರೆ ಬೈತಲೆ ತೆಗೆದೆ, ಆ ನಾಯಕಿಯಂತೆ, ಸರಿಯಾಗಿ. ಕನ್ನಡಿಯೊಳಗಿನವಳ ಬೈತಲೆ ಬಲಗಡೆಗಿತ್ತು. ಹಾಗೆ ತೆಗೆದರೆ ಅಕ್ಕನಿಗೆ ಎಷ್ಟು ಒಪ್ಪುತ್ತಿತ್ತು... ನನಗೆ ಒಪ್ಪಲಿಲ್ಲ. ಈ ವಯಸ್ಸಿನಲ್ಲೂ ಒಂಚೂರು ಹೊಟ್ಟೆ ಉರಿಯಿತು.